ಮೊದಲೇ ಓಡಿಹೋಗಬಹುದಿತ್ತಲ್ವಾ?

ಫೆಲಿಕ್ಸ್ ನುಸ್‌ಬಾಮ್ ಮತ್ತು ಫೆಲ್ಕಾ ಪ್ಲಾಟೆಕ್ ಬಗ್ಗೆ ಎಲ್ಲಿ ಮಾತೆತ್ತಿದರೂ ಈ ಪ್ರಶ್ನೆ ಬಂದೇ ಬರುತ್ತದೆ. "ಹಿಟ್ಲರ್ ಬಂದ ಕೂಡಲೇ ಓಡಿಹೋಗಬಹುದಿತ್ತಲ್ವಾ? ಸುಮ್ನೆ ಯಾಕೆ ಕೂತಿದ್ದರು?" ಗೊತ್ತಿಲ್ಲದವರಿಗೆ ಹೇಳುತ್ತೇನೆ: ಇಬ್ಬರೂ ಯಹೂದಿಗಳು, ಚಿತ್ರ ಬರೆಯುವವರು, ಗಂಡ-ಹೆಂಡತಿ. 1944ರಲ್ಲಿ ನಾಜಿಗಳು ಇಬ್ಬರನ್ನೂ ಬ್ರಸೆಲ್ಸ್‌ನಲ್ಲಿ ಹಿಡಿದು ಆಶ್ವಿಟ್ಜ್ ಎಂಬ ಸಾವಿನ ಶಿಬಿರಕ್ಕೆ ಸಾಗಿಸಿದರು.

ನನ್ನ ಉತ್ತರ ಇಷ್ಟೆ: ಅವರು ಕೂತೇ ಇರಲಿಲ್ಲ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಫೆಲಿಕ್ಸ್ ಚಿತ್ರಕಲೆಯ ಸ್ಕಾಲರ್‌ಶಿಪ್ ಮೇಲೆ ರೋಮ್‌ನಲ್ಲಿದ್ದ. ಮತ್ತೆ ಜರ್ಮನಿಗೆ ಕಾಲಿಡಲೇ ಇಲ್ಲ. ಇಟಲಿ, ಪ್ಯಾರಿಸ್, ಬೆಲ್ಜಿಯಂನ ಓಸ್ಟೆಂಡ್, ಕೊನೆಗೆ ಬ್ರಸೆಲ್ಸ್. ವಾರ್ಸಾದ ಹುಡುಗಿ ಫೆಲ್ಕಾ ಅವನ ಜೊತೆಗಿದ್ದಳು. 1937ರಲ್ಲಿ ಬ್ರಸೆಲ್ಸ್‌ನಲ್ಲೇ ಮದುವೆಯಾದರು.

ಇನ್ನೂ ದೂರ ಹೋಗಬೇಕಿತ್ತು ಅಂತೀರಾ? ಎಲ್ಲಿಗೆ? 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶಗಳು ಸಭೆ ಸೇರಿದವು. ನಿರಾಶ್ರಿತರ ಬಗ್ಗೆ ಮರುಕಪಟ್ಟವು, ಬಾಗಿಲು ಮಾತ್ರ ತೆರೆಯಲಿಲ್ಲ. ಹೆಚ್ಚು ಜನರನ್ನು ಕರೆದುಕೊಳ್ಳುತ್ತೇವೆ ಎಂದದ್ದು ಡೊಮಿನಿಕನ್ ರಿಪಬ್ಲಿಕ್ ಒಂದೇ. ಫೆಲಿಕ್ಸನ ಅಪ್ಪ-ಅಮ್ಮ ಆಮ್‌ಸ್ಟರ್‌ಡ್ಯಾಮ್‌ಗೆ ಓಡಿದ್ದರು. ಅಪ್ಪ ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಪರ ಕಾದಾಡಿದವರು. ಅದು ಲೆಕ್ಕಕ್ಕೆ ಬರಲಿಲ್ಲ. ಅವರನ್ನೂ ಆಶ್ವಿಟ್ಜ್‌ಗೆ ಕಳಿಸಿದರು.

1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಬೆಲ್ಜಿಯಂಗೆ ನುಗ್ಗಿತು. ಆಗ ಫೆಲಿಕ್ಸನನ್ನು ಹಿಡಿದದ್ದು ಯಾರು ಗೊತ್ತಾ? ಬೆಲ್ಜಿಯಂ ಸರ್ಕಾರ. ಯಾಕೆಂದರೆ ಅವನು ಜರ್ಮನ್, ಅಂದರೆ ಶತ್ರು ದೇಶದವನು! ದಕ್ಷಿಣ ಫ್ರಾನ್ಸಿನ ಸೇಂಟ್ ಸಿಪ್ರಿಯನ್ ಶಿಬಿರಕ್ಕೆ ಅಟ್ಟಿದರು. ಸಮುದ್ರದಂಡೆಯ ಮರಳಿನ ಮೇಲೆ ಗುಡಿಸಲುಗಳು. ಬೋರ್ಡೋ ಊರಿನ ಹತ್ತಿರ ಅವನು ತಪ್ಪಿಸಿಕೊಂಡ. ತಪ್ಪಿಸಿಕೊಂಡವನು ಎಲ್ಲಿಗೆ ಹೋಗಬೇಕು ಹೇಳಿ? ಜರ್ಮನ್ನರ ಕೈಯಲ್ಲಿದ್ದ ಬ್ರಸೆಲ್ಸ್‌ಗೇ ವಾಪಸ್ ಬಂದ. ಅಲ್ಲಿ ಫೆಲ್ಕಾ ಇದ್ದಳು. ಇದನ್ನು ದಡ್ಡತನ ಅನ್ನುವವರ ಹತ್ತಿರ ನಾನು ವಾದಕ್ಕೆ ಇಳಿಯುವುದಿಲ್ಲ.

ಆಮೇಲಿನದು ಬಚ್ಚಿಟ್ಟುಕೊಂಡ ಬದುಕು. ಸ್ನೇಹಿತರು ಅನ್ನ, ಜಾಗ, ಬಣ್ಣ ಹೊಂದಿಸಿ ಕೊಟ್ಟರು. ಚಿತ್ರ ಬರೆಯುವುದಕ್ಕೆ ಬೇರೆ ಕಡೆ ಒಂದು ನೆಲಮಾಳಿಗೆ. 1943ರಲ್ಲಿ ಅವನು ಬರೆದುಕೊಂಡ ತನ್ನದೇ ಚಿತ್ರವನ್ನು ಒಮ್ಮೆ ನೋಡಿ. ಹಿಂದೆ ಎತ್ತರದ ಗೋಡೆ, ಮೂಲೆಗೆ ಸಿಕ್ಕಿಬಿದ್ದ ಮನುಷ್ಯ. ಕೋಟಿನ ಕಾಲರ್ ಎತ್ತಿ ಹಿಡಿದಿದ್ದಾನೆ, ಎದೆಯ ಮೇಲೆ ಯಹೂದಿಗಳು ಹಾಕಿಕೊಳ್ಳಲೇಬೇಕಿದ್ದ ಹಳದಿ ನಕ್ಷತ್ರ. ಇನ್ನೊಂದು ಕೈಯಲ್ಲಿ ಗುರುತಿನ ಚೀಟಿ. ಅದರ ಮೇಲೆ ಕೆಂಪಕ್ಷರದಲ್ಲಿ 'ಯಹೂದಿ' ಎಂದು ಎರಡು ಭಾಷೆಯಲ್ಲಿ ಮುದ್ರೆ. ಪೊಲೀಸರಿಗೆ ತೋರಿಸಿದ ಹಾಗೆ ನಮಗೆ ತೋರಿಸುತ್ತಿದ್ದಾನೆ. ಅದನ್ನು ನೋಡಿದಾಗಲೆಲ್ಲ ನಾನೇ ಆ ಪೊಲೀಸ್ ಏನೋ ಅನಿಸಿ ಕಸಿವಿಸಿಯಾಗುತ್ತದೆ.

1944ರ ಏಪ್ರಿಲ್‌ನಲ್ಲಿ ಕೊನೆಯ ದೊಡ್ಡ ಚಿತ್ರ: ಹಾಳುಬಿದ್ದ ಲೋಕದ ಮೇಲೆ ವಾದ್ಯ ನುಡಿಸುವ ಅಸ್ಥಿಪಂಜರಗಳು, ಮೇಲೆ ಗಾಳಿಪಟಗಳು. ಜೂನ್‌ನಲ್ಲಿ ಇಬ್ಬರೂ ಸಿಕ್ಕಿಬಿದ್ದರು. ಮೆಕೆಲೆನ್ ಊರಿನ ಸೇನಾ ಬ್ಯಾರಕ್‌ನಲ್ಲಿ ಕೂಡಿಹಾಕಿದರು. ಎರಡು ವರ್ಷದಲ್ಲಿ ಅಲ್ಲಿಂದ 25 ಸಾವಿರಕ್ಕೂ ಜಾಸ್ತಿ ಜನರನ್ನು ರೈಲಿಗೆ ತುಂಬಿದ್ದರು. ಜುಲೈ 31ರಂದು ಆಶ್ವಿಟ್ಜ್‌ಗೆ ಹೊರಟ ಕೊನೆಯ ರೈಲಿನಲ್ಲಿ ಇವರಿದ್ದರು. ಸೆಪ್ಟೆಂಬರ್ 3ಕ್ಕೆ ಬ್ರಸೆಲ್ಸ್ ಬಿಡುಗಡೆಯಾಯಿತು.

ಹಾಗಾಗಿ ಯಾಕೆ ಓಡಲಿಲ್ಲ ಎಂದು ಕೇಳಬೇಡಿ. ಓಡಿದವರನ್ನು ಯಾರು ಒಳಗೆ ಬಿಟ್ಟುಕೊಳ್ಳಲಿಲ್ಲ ಎಂದು ಕೇಳಿ.

ಇನ್ನೊಂದು ಮಾತು ಹೇಳಲೇಬೇಕು. ಫೆಲಿಕ್ಸ್ ಹುಟ್ಟಿದ ಜರ್ಮನಿಯ ಓಸ್ನಾಬ್ರುಕ್‌ನಲ್ಲಿ 1998ರಲ್ಲಿ ಅವನ ಹೆಸರಿನ ಮ್ಯೂಸಿಯಂ ಬಂತು. ವಾಸ್ತುಶಿಲ್ಪಿ ಡೇನಿಯಲ್ ಲಿಬೆಸ್ಕಿಂಡ್ ಕಟ್ಟಿದ್ದು. ಫೆಲ್ಕಾಳ ಹೆಸರು ಫಲಕದಲ್ಲಿಲ್ಲ. ಅವಳ ಚಿತ್ರಗಳು ಉಳಿದದ್ದೂ ಕಡಿಮೆ. ಬಹಳ ಕಡೆ ಅವಳು 'ಫೆಲಿಕ್ಸನ ಹೆಂಡತಿ' ಅಷ್ಟೇ. ಅದಕ್ಕೇ ನಾನು ಎರಡೂ ಹೆಸರು ಒಟ್ಟಿಗೆ ಹೇಳುವುದು.