ಎಂಟನೇ ಕ್ಲಾಸಿನ ಉಪ್ಪುನೀರಿನ ಟ್ಯಾಂಕ್: ನವೆಂಬರ್‌ನಿಂದ ಫೆಬ್ರವರಿವರೆಗೆ

ನವೆಂಬರ್ 4

ಇವತ್ತು ಟ್ಯಾಂಕ್ ಬಂತು. ಎರಡಡಿ ಉದ್ದ, ಒಂದಡಿ ಅಗಲ, ಹದಿನೈದು ಇಂಚು ಎತ್ತರ. ಮಡಿಕೇರಿಯ ಗಾಜಿನಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿದ್ದು. ಅಂಚಿನವರೆಗೆ 70 ಲೀಟರ್ ಹಿಡಿಯುತ್ತದೆ, ನಾವು ತುಂಬಿಸುವುದು 60. ಕೊನೆಯ ಬೆಂಚಿನ ಮೇಲೆ ಇಡೋಣ ಎಂದು ಮಕ್ಕಳು ಜಾಗ ಖಾಲಿ ಮಾಡಿಟ್ಟಿದ್ದರು. ಮೊದಲು ತೂಕದ ಲೆಕ್ಕ ಹಾಕಿಸಿದೆ. ನೀರೇ 60 ಕೆಜಿ, ಗಾಜು, ಕಲ್ಲು, ತಳದ ಚಿಪ್ಪು ಸೇರಿ ನೂರರ ಹತ್ತಿರ ಬಂತು. ಹಳೇ ಬೆಂಚು ತಡೆಯುವುದಿಲ್ಲ ಎಂದು ಅವರೇ ಹೇಳಿದರು. ಗೋಡೆ ಪಕ್ಕ ಸಿಮೆಂಟ್ ಬ್ಲಾಕ್ ಜೋಡಿಸಿ, ಮೇಲೊಂದು ದಪ್ಪ ಹಲಗೆ, ಅದರ ಮೇಲೆ ಥರ್ಮೋಕೋಲ್ ಹಾಸಿ ಕೂರಿಸಿದೆವು.

ಇದೆಲ್ಲ ಶುರುವಾದದ್ದು ನದಿಗಳ ಪಾಠದಲ್ಲಿ. ನಮ್ಮ ಕೊಡಗು ಜಿಲ್ಲೆಯ ನೀರು ಎರಡೂ ಕಡಲಿಗೆ ಹರಿಯುತ್ತದೆ. ತಲಕಾವೇರಿಯದು ಪೂಂಪುಹಾರ್ ಬಳಿ ಬಂಗಾಳಕೊಲ್ಲಿಗೆ, ಪಯಸ್ವಿನಿಯದು ಸಂಪಾಜೆ ಕಡೆ ಇಳಿದು ಕಾಸರಗೋಡಿನ ಹತ್ತಿರ ಅರಬ್ಬಿ ಸಮುದ್ರಕ್ಕೆ. ಎಸ್ಟೇಟ್ ಕೆಲಸಗಾರರ ಲೈನ್ ಮನೆಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತು, "ಇಲ್ಲಿಂದ ಹೋಗುವಾಗ ಸಿಹಿ, ಅಲ್ಲಿ ಹೋದ ಮೇಲೆ ಯಾಕೆ ಉಪ್ಪು ಮಿಸ್?" ಎಂದಳು. ಸಮುದ್ರ ನೋಡಿದವರು ಕೈಯೆತ್ತಿ ಎಂದೆ. ಮೂವತ್ತೊಂದು ಮಕ್ಕಳಲ್ಲಿ ಹನ್ನೆರಡು ಕೈ.

ನವೆಂಬರ್ 9

ನೀರು ಮತ್ತು ಉಪ್ಪು. ಶಾಲೆಯ ಹೆಂಚಿನ ಮೇಲಿಂದ ಬೀಳುವ ಮಳೆನೀರು ತಗಡಿನ ದೋಣಿಯಲ್ಲಿ ಹರಿದು ಬರುತ್ತದೆ, ಸತು ಸೇರುವ ಭಯ. ಅದಕ್ಕೆ ಶುದ್ಧ ಕುಡಿಯುವ ನೀರಿನ ಘಟಕದಿಂದ ಮೂರು ಕ್ಯಾನ್ ಆರ್‌ಓ ನೀರು ಆಟೋದಲ್ಲಿ ತರಿಸಿದೆ. ಉಪ್ಪು ಅಕ್ವೇರಿಯಂನವರು ಮಾರುವ ಸಮುದ್ರದ ಉಪ್ಪಿನ ಪುಡಿ, ಮಂಗಳೂರಿನಿಂದ ಬಂದದ್ದು. "ಬಿಸಿಯೂಟದ ಉಪ್ಪು ಹಾಕಿದ್ರೆ ಆಗಲ್ವಾ?" ಎಂದು ಕೇಳಿದರು, ಕೇಳಲೇಬೇಕಾದ ಪ್ರಶ್ನೆ. ಒಂದು ಕೆಜಿ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ. ಅದರಲ್ಲಿ ಕ್ಲೋರೈಡ್ 19 ಗ್ರಾಂ, ಸೋಡಿಯಂ 11 ಗ್ರಾಂ ಹತ್ತಿರ. ಉಳಿದದ್ದು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ. ಅಡುಗೆ ಉಪ್ಪಿನಲ್ಲಿ ಈ ಉಳಿದದ್ದು ಇರುವುದಿಲ್ಲ. ಜೀವ ನಿಲ್ಲಲು ಆ ಉಳಿದದ್ದೂ ಬೇಕು.

2 ಕೆಜಿ 200 ಗ್ರಾಂ ತೂಗಿ ಟ್ಯಾಂಕಿಗೇ ಹಾಕಿ, ಪಂಪು ಓಡಿಸಿ ಒಂದು ರಾತ್ರಿ ಬಿಟ್ಟೆವು. ಬೆಳಿಗ್ಗೆ ರಿಫ್ರ್ಯಾಕ್ಟೋಮೀಟರ್. ಗಾಜಿನ ಮೇಲೆ ಒಂದೇ ಹನಿ, ಮುಚ್ಚಳ ಮುಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣಲ್ಲಿ ನೋಡಬೇಕು. ಮೇಲೆ ನೀಲಿ, ಕೆಳಗೆ ಬಿಳಿ, ಎರಡೂ ಸೇರುವ ಗೆರೆ ಎಲ್ಲಿ ನಿಂತಿದೆಯೋ ಅದೇ ಲವಣಾಂಶ. ಸರಿಯಾಗಿ 35ಕ್ಕೆ ನಿಂತಿತ್ತು. ಮೂವತ್ತೊಂದು ಮಕ್ಕಳೂ ನೋಡುವಷ್ಟರಲ್ಲಿ ಎರಡು ಪೀರಿಯಡ್ ಮುಗಿಯಿತು. ಗಣಿತದ ಮೇಷ್ಟ್ರು ತಮ್ಮ ಪೀರಿಯಡ್ ಬಿಟ್ಟುಕೊಟ್ಟು ತಾವೂ ಸಾಲಿನಲ್ಲಿ ನಿಂತು ನೋಡಿದರು.

ತಳಕ್ಕೆ ಕೋಳಿ ಫೀಡಿನ ಅಂಗಡಿಯಲ್ಲಿ ಸಿಗುವ ಚಿಪ್ಪಿನ ನುಚ್ಚು. ಕ್ಯಾಲ್ಸಿಯಂ ಕಾರ್ಬೊನೇಟ್, ಪಿಎಚ್ ಇಳಿಯದಂತೆ ಹಿಡಿಯುತ್ತದೆ. ಕಲ್ಲುಗಳೆಲ್ಲ ಸೆರಾಮಿಕ್. ಹವಳ ಬೇಕು, ಕಡಲಕುದುರೆ ಬೇಕು ಎಂದು ಪಟ್ಟಿಯೇ ಬಂದಿತ್ತು. ಎರಡೂ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿವೆ, ಆನೆಗೆ ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಎಂದೆ. ಆನೆ ಅಂದರೆ ಏನು ಎಂದು ನಮ್ಮ ಮಕ್ಕಳಿಗೆ ವಿವರಿಸಬೇಕಿಲ್ಲ. ಪಟ್ಟಿಯಿಂದ ಅವರೇ ಹೊಡೆದುಹಾಕಿದರು.

ನವೆಂಬರ್ 12

ಒಂದು ಹಸಿ ಸಿಗಡಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ನೀರಿಗೆ ಇಳಿಬಿಟ್ಟಿದ್ದೇವೆ. ಅದು ಕೊಳೆತು ಅಮೋನಿಯಾ ಬರಬೇಕು. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆದು ಅದನ್ನು ನೈಟ್ರೈಟ್ ಮಾಡಬೇಕು, ಇನ್ನೊಂದು ಬಗೆಯವು ಬಂದು ನೈಟ್ರೈಟನ್ನು ನೈಟ್ರೇಟ್ ಮಾಡಬೇಕು. ಮೊದಲ ಎರಡೂ ಮೀನಿಗೆ ವಿಷ, ಮೂರನೆಯದು ಸ್ವಲ್ಪ ಇದ್ದರೆ ತೊಂದರೆ ಇಲ್ಲ. ಆರು ವಾರವಾದರೂ ಹಿಡಿಯಬಹುದು ಎಂದಾಗ ಕ್ಲಾಸೆಲ್ಲ ಸಪ್ಪಗಾಯಿತು.

ನವೆಂಬರ್ 27

ಗೋಡೆಯ ಮೇಲೆ ಚಾರ್ಟ್. ಅಮೋನಿಯಾದ ಬಣ್ಣ ಹಳದಿಯಿಂದ ಹಸಿರಿಗೆ ಹೋಗಿ ಈಗ ಮತ್ತೆ ಹಳದಿಯ ಕಡೆ ತಿರುಗಿದೆ. ನೈಟ್ರೈಟ್ ಆಕಾಶನೀಲಿಯಿಂದ ಗಾಢ ನೇರಳೆಗೆ ಹೋಗಿದೆ. ಇಬ್ಬಿಬ್ಬರ ಪಾಳಿ, ದಿನಕ್ಕೊಂದು ಚುಕ್ಕೆ. ಮೀನಿಲ್ಲದ ನೀರನ್ನು ಹದಿನೈದು ದಿನದಿಂದ ನೋಡುತ್ತಿದ್ದಾರೆ, ಒಬ್ಬರೂ ಪಾಳಿ ತಪ್ಪಿಸಿಲ್ಲ.

ಕರೆಂಟು ಮೊನ್ನೆ ರಾತ್ರಿಯಿಡೀ ಇರಲಿಲ್ಲ. ಹೊರಗೆ 13 ಡಿಗ್ರಿ. ಬೆಳಿಗ್ಗೆ ಬಂದು ನೋಡಿದಾಗ 26ರಲ್ಲಿದ್ದ ನೀರು 22ಕ್ಕೆ ಇಳಿದಿತ್ತು. ಈಗ ಸಂಜೆ ಮನೆಗೆ ಹೋಗುವಾಗ ಟ್ಯಾಂಕಿಗೆ ಕಂಬಳಿ ಸುತ್ತಿ ಹೋಗುತ್ತೇವೆ. ಬಿಸಿಯೂಟದ ಅಕ್ಕ ಕೊಟ್ಟ ಕಂಬಳಿ. ಬ್ಯಾಟರಿಯಲ್ಲಿ ಓಡುವ ಗಾಳಿ ಪಂಪೊಂದನ್ನೂ ತಂದಿಟ್ಟಿದ್ದೇನೆ. ಸಾವಿರದ ನೂರೈವತ್ತು ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವೇ ಕಡಿಮೆ, ನೀರಿನಲ್ಲಿ ಕರಗುವ ಆಮ್ಲಜನಕವೂ ಅಷ್ಟೇ ಕಡಿಮೆ, ಉಪ್ಪುನೀರಾದರೆ ಇನ್ನೂ ಕಡಿಮೆ. ಆದ್ದರಿಂದ ಎರಡೇ ಮೀನು ಎಂದು ಮೊದಲೇ ತೀರ್ಮಾನಿಸಿದ್ದೇನೆ.

ಡಿಸೆಂಬರ್ 14

ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಚಪ್ಪಾಳೆ ಕೇಳಿ ಪಕ್ಕದ ಕ್ಲಾಸಿನವರು ಇಣುಕಿದರು. ನೈಟ್ರೇಟ್ ಜಾಸ್ತಿ ಇದ್ದುದರಿಂದ ಅರ್ಧ ನೀರು ಬದಲಿಸಿದೆವು. ಹೊಸ ನೀರಿಗೆ ಉಪ್ಪು ಕಲಸಲು ದೊಡ್ಡ ಪಾತ್ರೆ ಬೇಕಿತ್ತು. ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ ಮಗ ಮನೆಯಿಂದ ಪ್ಲಾಸ್ಟಿಕ್ ಡ್ರಮ್ ತಂದುಕೊಟ್ಟ.

ಡಿಸೆಂಬರ್ 16

ನಾಲ್ಕು ಬಸವನಹುಳು, ಖಾಲಿ ಚಿಪ್ಪಿನೊಳಗೆ ಬದುಕುವ ಎರಡು ಹರ್ಮಿಟ್ ಏಡಿ. ಗಾಜಿನ ಮೇಲಿನ ಕಂದು ಪಾಚಿ ತಿನ್ನಲಿ ಎಂದು.

ಡಿಸೆಂಬರ್ 18

ನಾಲ್ಕೂ ಬಸವನಹುಳು ತಳದಲ್ಲಿ ಅಂಗಾತ ಬಿದ್ದಿವೆ. ಒಂದು ಏಡಿ ಚಿಪ್ಪು ಬಿಟ್ಟು ಹೊರಗೆ ಬಂದು ಸತ್ತಿದೆ. ಇನ್ನೊಂದು ಮಧ್ಯಾಹ್ನದೊಳಗೆ ಹೋಯಿತು. ಅಮೋನಿಯಾ, ನೈಟ್ರೈಟ್, ಲವಣಾಂಶ, ಪಿಎಚ್, ಉಷ್ಣತೆ ಎಲ್ಲ ನೋಡಿದೆ, ಎಲ್ಲ ಸರಿ. ಕ್ಲಾಸಿನಲ್ಲಿ ಯಾರೂ ಮಾತಾಡಲಿಲ್ಲ. ನನಗೂ ಪಾಠ ಮಾಡಲು ಆಗಲಿಲ್ಲ.

ಡಿಸೆಂಬರ್ 20

ಕಾರಣ ಸಿಕ್ಕಿತು. ಖಾಲಿ ಡ್ರಮ್ಮನ್ನು ಹೊರಗೆ ಕವುಚಿ ಹಾಕಿದ್ದೆವು. ಪಾಳಿಯಲ್ಲಿದ್ದ ಇಬ್ಬರು ಹುಡುಗಿಯರು ಅದನ್ನು ತೊಳೆಯಲು ಬಿಸಿಲಿಗೆ ತಿರುಗಿಸಿದಾಗ ಬಾಯಿಯ ಒಳ ಅಂಚು ಕಣ್ಣಿಗೆ ಬಿತ್ತು. ಮುಚ್ಚಳ ಕಚ್ಚುವ ತಿರುಪಿನ ಗೀರುಗಳಲ್ಲಿ, ಉಗುರು ಮಾತ್ರ ಹೋಗುವಷ್ಟು ಸಂದಿನಲ್ಲಿ, ಸುತ್ತಲೂ ತಿಳಿನೀಲಿ ಪುಡಿ ಗಟ್ಟಿಯಾಗಿ ಕೂತಿತ್ತು. ಒಬ್ಬಳು ಉಗುರಿನಿಂದ ಕೆರೆದು ನನ್ನ ಮುಂದೆ ಹಿಡಿದಳು. "ಮಿಸ್, ಇದು ಮೈಲುತುತ್ತು."

ನಮ್ಮಲ್ಲಿ ಅದನ್ನು ಗುರುತಿಸದ ಮಗು ಇಲ್ಲ. ಮುಂಗಾರಿಗೆ ಮುಂಚೆ ಕಾಫಿಗೆ ತುಕ್ಕುರೋಗ ಬರದಿರಲಿ, ಕರಿಮೆಣಸಿನ ಬಳ್ಳಿ ಸೊರಗದಿರಲಿ ಎಂದು ಬೋರ್ಡೋ ಹೊಡೆಯುತ್ತಾರೆ. ಶೇಕಡಾ ಒಂದರ ದ್ರಾವಣವಾದರೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟ್. ಶಿಲೀಂಧ್ರ ಕೊಲ್ಲುವ ಅದೇ ತಾಮ್ರ ಬಸವನಹುಳುವನ್ನೂ ಏಡಿಯನ್ನೂ ಕೊಲ್ಲುತ್ತದೆ, ಅದೂ ಒಂದು ಲೀಟರಿಗೆ ಮಿಲಿಗ್ರಾಂಗಿಂತ ಕಡಿಮೆ ಪ್ರಮಾಣದಲ್ಲಿ.

ಹುಡುಗ ಅಳತೊಡಗಿದ. ಅವನ ಅಪ್ಪ ಮೂರು ಸಲ ತೊಳೆದೇ ಕೊಟ್ಟಿದ್ದರು. ಅವನದಾಗಲಿ ಅಪ್ಪನದಾಗಲಿ ತಪ್ಪಿಲ್ಲ, ಮೊದಲು ಈ ಡ್ರಮ್ಮಿನಲ್ಲಿ ಏನಿತ್ತು ಎಂದು ಕೇಳಬೇಕಾದವಳು ನಾನು ಎಂದು ಎಲ್ಲರೆದುರಿಗೆ ಹೇಳಿದೆ. ಆ ದಿನ ರಕ್ತದ ಪಾಠ ಮಾಡಿದೆ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವುದು ಕಬ್ಬಿಣ, ಆದ್ದರಿಂದ ಕೆಂಪು. ಏಡಿ, ಬಸವನಹುಳುಗಳಲ್ಲಿ ಆ ಕೆಲಸ ತಾಮ್ರದ್ದು, ಅವುಗಳ ರಕ್ತ ನಸುನೀಲಿ. ಬದುಕಲು ಬೇಕಾದ ತಾಮ್ರವೇ ನೀರಿನಲ್ಲಿ ಹೆಚ್ಚಾದಾಗ ಅವು ಉಳಿಯಲಿಲ್ಲ. ಹುಡುಗ ಅತ್ತ ಕಣ್ಣಿನಲ್ಲೇ ಕೂತು ಬರೆದುಕೊಂಡ.

ಡಿಸೆಂಬರ್ 26

ಬೆಂಗಳೂರಿನಿಂದ ತಾಮ್ರದ ಟೆಸ್ಟ್ ಕಿಟ್ ಬಂತು. ಲೀಟರಿಗೆ ಅರ್ಧ ಮಿಲಿಗ್ರಾಂ ಹತ್ತಿರ. ನೀರೆಲ್ಲ ತೆಗೆದೆವು. ಚಿಪ್ಪಿನ ನುಚ್ಚನ್ನೂ ಎಸೆದೆವು, ಏಕೆಂದರೆ ಸುಣ್ಣದ ಅಂಶವಿರುವ ವಸ್ತು ತಾಮ್ರ ಹಿಡಿದಿಟ್ಟುಕೊಂಡು ಆಮೇಲೆ ನಿಧಾನವಾಗಿ ನೀರಿಗೆ ಬಿಡುತ್ತದೆ. ಕಲ್ಲೂ ಹೊಸದು. ಉಳಿಸಿಕೊಂಡದ್ದು ಫಿಲ್ಟರಿನ ಸ್ಪಂಜು ಒಂದನ್ನೇ, ಐದು ವಾರ ಕಾದು ಬೆಳೆಸಿದ ಬ್ಯಾಕ್ಟೀರಿಯಾ ಇರುವುದು ಅದರಲ್ಲಿ. ಹೊಸ ಉಪ್ಪುನೀರಿನಲ್ಲಿ ನಾಲ್ಕು ಸಲ ಹಿಂಡಿ ತೊಳೆದು, ಪಕ್ಕದಲ್ಲಿ ಇದ್ದಿಲಿನ ಚೀಲ ಇಟ್ಟೆ.

ಜನವರಿ 8

ಸ್ಪಂಜು ಉಳಿಸಿದ್ದು ಸಾರ್ಥಕ. ಈ ಸಲ ಹನ್ನೆರಡೇ ದಿನಕ್ಕೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ತಾಮ್ರ ಸೊನ್ನೆ. ಒಂದೇ ಒಂದು ಬಸವನಹುಳು ಬಿಟ್ಟಿದ್ದೇವೆ. ಹತ್ತು ದಿನ ಅದು ಬದುಕಿದರೆ ಮುಂದಿನ ಮಾತು.

ಜನವರಿ 18

ಬದುಕಿದೆ. ಗಾಜಿನ ಮೇಲೆ ಅದು ಪಾಚಿ ಮೇಯ್ದ ದಾರಿ ಅಂಕುಡೊಂಕಾಗಿ ಕಾಣುತ್ತದೆ. ಮಕ್ಕಳು ಹೊರಗಿನಿಂದ ಸ್ಕೆಚ್ ಪೆನ್ನಿನಲ್ಲಿ ಆ ದಾರಿಯನ್ನು ಗುರುತು ಹಾಕಿ ದಿನಕ್ಕೆ ಎಷ್ಟು ಸೆಂಟಿಮೀಟರ್ ಎಂದು ನೂಲಿನಲ್ಲಿ ಅಳೆಯುತ್ತಿದ್ದಾರೆ.

ಜನವರಿ 20

ಮಂಗಳೂರಿಗೆ ಹೋಗಿ ಎರಡು ಕ್ಲೌನ್ ಮೀನು ತಂದೆ. ಹಿಡಿದು ತಂದವಲ್ಲ, ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮರಿಗಳೇ ಬೇಕು ಎಂದು ಕೇಳಿ ತೆಗೆದುಕೊಂಡದ್ದು. ಆಮ್ಲಜನಕ ತುಂಬಿಸಿ ರಬ್ಬರ್ ಬ್ಯಾಂಡ್ ಬಿಗಿದ ಚೀಲ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಸುಳ್ಯ ದಾಟುವವರೆಗೆ ಚೀಲ ಮೆತ್ತಗಿತ್ತು. ಸಂಪಾಜೆ ಘಾಟಿ ಹತ್ತುತ್ತ ಹತ್ತುತ್ತ ಉಬ್ಬಿ, ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಬೆರಳಿಗೆ ಟಣ್ ಎನ್ನುವಷ್ಟು ಬಿಗಿಯಾಗಿತ್ತು. ಬಿಡಿಸದೆ ಹಾಗೇ ಶಾಲೆಗೆ ತಂದು ಮಕ್ಕಳ ಕೈಗೆ ಕೊಟ್ಟೆ. "ಬೆಟ್ಟ ಹತ್ತಿದ ಚಿಪ್ಸ್ ಪ್ಯಾಕೆಟ್ ಥರ" ಎಂದರು. ಗಾಳಿಯ ಒತ್ತಡದ ಪಾಠಕ್ಕೆ ಬೇರೆ ಉದಾಹರಣೆ ಹುಡುಕಬೇಕಾಗಲಿಲ್ಲ.

ಬಕೆಟ್ಟಿಗೆ ಮೀನು ಬಿಟ್ಟು, ನಮ್ಮ ನೀರಿಗೆ ಮೆಲ್ಲಗೆ ಒಗ್ಗಲಿ ಎಂದು ಟ್ಯಾಂಕಿನಿಂದ ಗಾಳಿ ಪಂಪಿನ ಸಣ್ಣ ಪೈಪಿಗೆ ಗಂಟು ಹಾಕಿ ಹನಿ ಹನಿ ನೀರು ಬೀಳಿಸಿದೆವು. ಸೆಕೆಂಡಿಗೆ ಎರಡು ಹನಿ, ಒಂದೂವರೆ ಗಂಟೆ. ಟ್ಯಾಂಕಿಗೆ ಬಿಟ್ಟ ತಕ್ಷಣ ಎರಡೂ ಹಿಂದಿನ ಮೂಲೆಗೆ ಹೋಗಿ ಒಂದಕ್ಕೊಂದು ಒತ್ತಿಕೊಂಡು ನಿಂತವು.

ಫೆಬ್ರವರಿ 6

ಅಕ್ಕ ಕೊಟ್ಟ ಬಾಯೊಡೆದ ಮಣ್ಣಿನ ಕುಡಿಕೆ ಈಗ ಅವುಗಳ ಮನೆ. ರಾತ್ರಿ ಅದರೊಳಗೇ ಮಲಗುತ್ತವೆ. ದೊಡ್ಡದು ಮುಂದೆ ನುಗ್ಗಿದರೆ ಚಿಕ್ಕದು ಮೈಯೆಲ್ಲ ನಡುಗಿಸಿ ಸೋತೆ ಎನ್ನುತ್ತದೆ. ಈ ಜಾತಿಯಲ್ಲಿ ಎಲ್ಲ ಮರಿಯೂ ಮೊದಲು ಗಂಡಾಗಿ ಬೆಳೆಯುತ್ತದೆ, ಜೋಡಿಯಲ್ಲಿ ದೊಡ್ಡದಾದದ್ದು ಮುಂದೆ ಹೆಣ್ಣಾಗುತ್ತದೆ. ಇದನ್ನು ಹೇಳಿದ ದಿನ ಬಂದ ಪ್ರಶ್ನೆಗಳಿಗೆ ಊಟದ ಬೆಲ್ ಸಾಕಾಗಲಿಲ್ಲ.

ನೀರು ದಿನಕ್ಕೆ ಒಂದೆರಡು ಲೋಟ ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಆದ್ದರಿಂದ ಟೇಪು ಅಂಟಿಸಿದ ಗೆರೆಯವರೆಗೆ ಸಿಹಿನೀರನ್ನೇ ಸೇರಿಸಬೇಕು. ನವೆಂಬರಿನಲ್ಲಿ ಕಾವೇರಿಯ ಪ್ರಶ್ನೆ ಕೇಳಿದ ಹುಡುಗಿ ಉತ್ತರವನ್ನು ಇಲ್ಲೇ ಹುಡುಕಿಕೊಂಡಳು. ನದಿ ಒಂದಿಷ್ಟು ಲವಣ ಹೊತ್ತು ಹೋಗುತ್ತದೆ, ಕಡಲಿನ ನೀರು ಆವಿಯಾಗಿ ನಮ್ಮ ಬೆಟ್ಟಕ್ಕೆ ಮಳೆಯಾಗಿ ಬರುತ್ತದೆ, ಉಪ್ಪು ಅಲ್ಲೇ ನಿಲ್ಲುತ್ತದೆ. ಟ್ಯಾಂಕಿನ ಮುಚ್ಚಳದ ಅಂಚಿನಲ್ಲಿ ಕೂತ ಬಿಳಿ ಹರಳು ತೋರಿಸಿ ತಾನೇ ಇಡೀ ಕ್ಲಾಸಿಗೆ ಹೇಳಿದಳು.

ಫೆಬ್ರವರಿ 24

ನಿನ್ನೆ ಸಂಜೆ ಹೂಮಳೆ, ಕಾಫಿ ಹೂ ಅರಳಿಸುವ ಮಳೆ, ಬಂತು. ಒಂದೂವರೆ ಗಂಟೆ ಕರೆಂಟಿಲ್ಲ, ಬ್ಯಾಟರಿ ಪಂಪು ಸಾಕಾಯಿತು. ಬೇಸಿಗೆ ರಜೆಯ ಪಾಳಿ ಸಿದ್ಧವಾಗಿದೆ. ಶಾಲೆಯ ಹತ್ತಿರದ ಲೈನ್ ಮನೆಗಳ ಐದು ಮಕ್ಕಳು, ಬೀಗದ ಕೈ ಅಕ್ಕನ ಹತ್ತಿರ. ರೈಟರ ಮಗ ಹೊಸ ಡ್ರಮ್ಮಿನ ಹೊಟ್ಟೆಯ ಮೇಲೂ ಮುಚ್ಚಳದ ಮೇಲೂ ಕೆಂಪು ಪೇಂಟಿನಲ್ಲಿ 'ಮೀನಿನ ನೀರು ಮಾತ್ರ' ಎಂದು ಬರೆದಿದ್ದಾನೆ.

ಕಾವೇರಿ ಪ್ರಶ್ನೆಯ ಹುಡುಗಿ ಕಳೆದ ವಾರ ನೆಂಟರ ಮದುವೆಗೆ ಮಂಗಳೂರಿಗೆ ಹೋಗಿದ್ದಳು. ಮೊದಲ ಸಲ ಸಮುದ್ರ ನೋಡಿದ್ದು. ಪಣಂಬೂರಿನಿಂದ ಅರ್ಧ ಲೀಟರ್ ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಬಂದು, ಪ್ರಾರ್ಥನೆಗೂ ಮುಂಚೆ ನನ್ನ ಮೇಜಿನ ಮೇಲಿಟ್ಟಳು. ರಿಫ್ರ್ಯಾಕ್ಟೋಮೀಟರಿನ ಗಾಜು ಒರೆಸಿ ಒಂದು ಹನಿ ಹಾಕಿ ನೋಡಿದಳು. ಮತ್ತೆ ಒರೆಸಿ ಮತ್ತೆ ನೋಡಿದಳು. 34. ಆಮೇಲೆ ಟ್ಯಾಂಕಿನ ಹನಿ ಹಾಕಿದಳು. 35.

"ನಮ್ದು ಒಂದು ಜಾಸ್ತಿ ಇದೆ ಮಿಸ್. ಒಂದು ಜಗ್ ನೀರು ಹಾಕ್ಲಾ?"