ಎಲ್ಲಿ ನಿಲ್ಲಬೇಕು ಎನ್ನುವುದರ ಕೂಲಿ

ದಾವಣಗೆರೆಯ ಫ್ಯಾಬ್ರಿಕೇಷನ್ ಶೆಡ್ಡೊಂದರಲ್ಲಿ ಲೆಕ್ಕ ಬರೆಯುವ ನನಗೆ ಗಿರಾಕಿಗಳ ಚೌಕಾಸಿ ಹೊಸದಲ್ಲ. ಆದರೂ ಈ ಮಂಗಳವಾರ ಮಂಡಕ್ಕಿ ಭಟ್ಟಿಯವರೊಬ್ಬರು ಚಿಮಣಿಯ ಬಿಲ್ಲು ಹಿಡಿದು ಆಡಿದ ಮಾತು ಇನ್ನೂ ಕಿವಿಯಲ್ಲಿದೆ.

"ಮಷಿನ್ನೇ ಬಗ್ಗಿಸ್ತತಲ್ರೀ, ರೋಲಿಂಗ್ ಕೂಲಿ ಅಂತ ಬೇರೆ ಯಾಕ ಹಾಕೀರಿ?"

ಮೇಸ್ತ್ರಿ ತಲೆ ಎತ್ತದೆ ಉತ್ತರಿಸಿದರು: "ಹಂಗಾರೆ ಎಲ್ಲಿ ನಿಲ್ಲಬೇಕಂತ ನೀವ ಅದಕ್ಕ ಹೇಳ್ರಿ, ಸಾವ್ಕಾರ್ರೆ."

ರೋಲಿಂಗ್ ಎಂದರೆ ಚಪ್ಪಟೆ ಉಕ್ಕಿನ ಪ್ಲೇಟನ್ನು ಕೊಳವೆಯಾಗಿ ಸುತ್ತುವುದು. ನಮ್ಮದು ಮೂರು ರೋಲರಿನ ಹಳೆಯ ಯಂತ್ರ. ಕೆಳಗಿನ ಎರಡು ರೋಲರುಗಳು ಪ್ಲೇಟನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತವೆ, ಮೇಲಿನದು ಸ್ವಲ್ಪ ಸ್ವಲ್ಪವೇ ಇಳಿದು ಒತ್ತುತ್ತದೆ. ಬಗ್ಗಿದ ಉಕ್ಕು ಒತ್ತಡ ಬಿಟ್ಟೊಡನೆ ತುಸು ಹಿಂದಕ್ಕೆ ಬಿಚ್ಚಿಕೊಳ್ಳುವುದರಿಂದ ಬೇಕಾದ ಸುತ್ತಿಗಿಂತ ಚೂರು ಹೆಚ್ಚೇ ಬಗ್ಗಿಸಬೇಕಾಗುತ್ತದೆ. ಆ ಚೂರು ಎಷ್ಟೆಂಬುದು ಪ್ಲೇಟಿನಿಂದ ಪ್ಲೇಟಿಗೆ ಬದಲಾಗುತ್ತದೆ. ಕೆಳಗಿನ ಎರಡು ರೋಲರುಗಳ ನಡುವಿನ ಅಂತರದಿಂದಾಗಿ ಪ್ಲೇಟಿನ ಎರಡೂ ಅಂಚುಗಳು ಚಪ್ಪಟೆಯಾಗಿಯೇ ಉಳಿಯುವುದರಿಂದ, ಅವನ್ನು ಮೊದಲೇ ಬೇರೆಯಾಗಿ ಬಗ್ಗಿಸಿಕೊಳ್ಳದಿದ್ದರೆ ಜೋಡಣೆಯ ಜಾಗದಲ್ಲಿ ಕೊಳವೆ ಮೂಗಿನಂತೆ ಚೂಪಾಗುತ್ತದೆ. ಪ್ಲೇಟು ಎಷ್ಟು ಉದ್ದ ಕತ್ತರಿಸಬೇಕೆಂಬ ಲೆಕ್ಕವೂ ಮೇಸ್ತ್ರಿಯದೇ. ಬಗ್ಗುವಾಗ ಹೊರಮೈ ಹಿಗ್ಗಿ ಒಳಮೈ ಕುಗ್ಗುವುದರಿಂದ ದಪ್ಪದ ನಡುವಿನ ಪದರವನ್ನೇ ಅಳತೆಗೆ ಹಿಡಿಯಬೇಕು. ಒಳವ್ಯಾಸ 600, ದಪ್ಪ 6 ಮಿಲಿಮೀಟರ್ ಇದ್ದರೆ ಪೈಯಿಂದ (3.1416) ಗುಣಿಸಬೇಕಾದದ್ದು 606ನ್ನು, ಉದ್ದ ಸುಮಾರು 1904. ಬರಿಯ 600ನ್ನು ಗುಣಿಸಿದವನಿಗೆ 19 ಮಿಲಿಮೀಟರ್ ಕಡಿಮೆ ಬೀಳುತ್ತದೆ.

"ಎಲ್ಲಿ ನಿಲ್ಲಬೇಕಂತ ನೀವ ಹೇಳ್ರಿ." ಬಿಲ್ಲು ತಿದ್ದುವಾಗಲೂ ಅದೇ ಮಾತು ಮನಸ್ಸಿನಲ್ಲಿ ಸುತ್ತುತ್ತಿತ್ತು. ಗಿರಾಕಿ ಕೆಟ್ಟವರೇನಲ್ಲ. ಮರಳು ಯಾವ ಹದಕ್ಕೆ ಕಾದಾಗ ಅಕ್ಕಿ ಸುರಿಯಬೇಕೆಂದು ಬಲ್ಲ ಹುರಿಯುವವನಿಗೆ ಕೇಳಿದಷ್ಟು ಕೊಟ್ಟು ಉಳಿಸಿಕೊಂಡಿದ್ದಾರೆ. ತಮ್ಮ ಭಟ್ಟಿಯಲ್ಲಿ ಕಾಣುವ ಹದ ಅವರಿಗೆ ನಮ್ಮ ಶೆಡ್ಡಿನಲ್ಲಿ ಕಾಣಲಿಲ್ಲ, ಅಷ್ಟೆ.

ಆದರೆ ನಮ್ಮ ಲೆಕ್ಕವೂ ಅವರಿಗೆ ಅದನ್ನು ಕಾಣಿಸುವುದಿಲ್ಲ. ರೋಲಿಂಗಿಗೆ ನಾವು ದರ ಹಾಕುವುದು ಕಿಲೋ ಮೇಲೆ. 1250 ಮಿಲಿಮೀಟರ್ ಅಗಲದ ಈ ಒಂದು ಸುತ್ತು ಸುಮಾರು 112 ಕಿಲೋ ತೂಗುತ್ತದೆ. ಇದನ್ನೇ 3 ಮಿಲಿಮೀಟರ್ ಪ್ಲೇಟಿನಲ್ಲಿ ಮಾಡಿದರೆ ತೂಕ ಅರ್ಧಕ್ಕಿಳಿಯುತ್ತದೆ, ಕೂಲಿಯೂ ಅರ್ಧ. ಆದರೆ ಅದೇ ವ್ಯಾಸಕ್ಕೆ ತೆಳು ಪ್ಲೇಟು ಇನ್ನೂ ಹೆಚ್ಚು ಬಿಚ್ಚಿಕೊಳ್ಳುವುದರಿಂದ ಮೇಸ್ತ್ರಿ ಬೇಕಾದ ಸುತ್ತಿನ ಆಕಾರಕ್ಕೆ ಕತ್ತರಿಸಿದ ತಗಡಿನ ಟೆಂಪ್ಲೇಟು ಹಿಡಿದು ಮತ್ತೆ ಮತ್ತೆ ಬಗ್ಗಿ ನೋಡಬೇಕಾಗುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಕಾಣುವ ಗಾಳಿಯಂತ್ರಗಳ ಉಕ್ಕಿನ ಕಂಬಗಳೂ ಹೀಗೆಯೇ ಸುತ್ತಿದ ಪ್ಲೇಟುಗಳನ್ನು ಒಂದರ ಮೇಲೊಂದು ಬೆಸೆದವು. ಅಂಥ ಕೆಲಸಕ್ಕೆ ಕಂಪ್ಯೂಟರ್ ಹಿಡಿತದ ದೊಡ್ಡ ಯಂತ್ರಗಳಿದ್ದರೂ ಸುತ್ತು ಸರಿ ಬಂತೇ ಎಂದು ನೋಡಿ ಒತ್ತಡ ತಿದ್ದುವ ಮನುಷ್ಯ ಸಾಮಾನ್ಯವಾಗಿ ಪಕ್ಕದಲ್ಲಿ ಇರಬೇಕಾಗುತ್ತದೆ.

ತೂಕ ಬಿಟ್ಟು ಒಂದೊಂದು ಸುತ್ತಿಗೆ ಇಷ್ಟೆಂದು ದರ ಹಾಕೋಣವೇ ಎಂದು ಮಾಲೀಕರನ್ನು ಕೇಳಿದೆ. "ಪಕ್ಕದ ಶೆಡ್ಡಿನವರು ಕಿಲೋ ಲೆಕ್ಕದಾಗೇ ಮಾಡಿಕೊಡ್ತಾರ, ನಮ್ಮ ಕಡೆ ಯಾರು ಬರ್ತಾರ?" ಎಂದರು. ಅದೂ ಸುಳ್ಳಲ್ಲ. ಕೊನೆಗೆ ಗಿರಾಕಿಗೆ ಬಿಟ್ಟುಕೊಟ್ಟ ಹಣವನ್ನು ಉಕ್ಕಿನ ದರದಿಂದಲ್ಲ, ರೋಲಿಂಗ್ ಕೂಲಿಯಿಂದಲೇ ಕಳೆಯಲಾಯಿತು.