ಕೊರಡು ಎಳೆದರೆ ತೆಂಡೆ ಒಡೆಯುತ್ತೆ, ಆದರೆ...

ಈಚೆಗೆ ಆಫೀಸು, ಪೇಪರು, ಟೀವಿ, ಎಲ್ಲಿ ನೋಡಿದರೂ ರೆಸಿಲಿಯಂಟ್, ಅಂದರೆ ಪೆಟ್ಟು ತಿಂದರೂ ಮತ್ತೆ ಎದ್ದು ನಿಲ್ಲೋದು. ಮಳೆ ಸುರಿದು ರಸ್ತೆಯೆಲ್ಲ ಕೆರೆಯಾದರೆ ಮಾರನೇ ದಿನ ನಮ್ಮ ಊರು ರೆಸಿಲಿಯಂಟ್. ತಂಡದಲ್ಲಿ ಇಬ್ಬರನ್ನು ತೆಗೆದು ಅವರ ಕೆಲಸವನ್ನೂ ಉಳಿದವರ ತಲೆಗೆ ಕಟ್ಟಿದರೆ ಆ ಉಳಿದವರು ರೆಸಿಲಿಯಂಟ್. ಕೇಳೋಕೆ ಹೊಗಳಿಕೆ. ಒಳಗಿರೋದು ಮಾತ್ರ ‘ಇನ್ನೂ ಸ್ವಲ್ಪ ತಡ್ಕೊಳ್ಳಿ’ ಅಂತಷ್ಟೇ, ಅಲ್ವಾ?

ಈ ಮಾತಿಗೆ ಪರಿಸರ ವಿಜ್ಞಾನದಲ್ಲಿ ಒಂದು ಗಟ್ಟಿ ಜಾಗ ಕೊಟ್ಟವರು ಸಿ. ಎಸ್. ಹಾಲಿಂಗ್, 1973ರಲ್ಲಿ. ಪೆಟ್ಟು ಬಿದ್ದ ಮೇಲೆ ಬೇಗ ಮೊದಲಿನ ಹಾಗೇ ಆಗಿಬಿಡೋದು ಒಂದು ಗುಣ. ಪೆಟ್ಟು ತಿಂದು, ಏರುಪೇರಾಗಿ, ಬದಲಾಗಿ, ಆದರೂ ಪೂರ್ತಿ ಕುಸಿಯದೆ ಮುಂದುವರಿಯೋದು ಇನ್ನೊಂದು. ಈ ಎರಡನ್ನೂ ಅವರು ಬೇರೆ ಬೇರೆ ಮಾಡಿ ನೋಡಿದರು, ರೆಸಿಲಿಯನ್ಸ್ ಅಂತ ಕರೆದದ್ದು ಎರಡನೆಯದನ್ನು. ಮೀಟಿಂಗಿನಲ್ಲಿ ನಮ್ಮಿಂದ ಕೇಳೋದು ಮಾತ್ರ ಮೊದಲನೆಯದು. ಸೋಮವಾರ ಬೆಳಗ್ಗೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಬಂದು ಕೂರಬೇಕು.

ಹಾಲಿಂಗ್ ಹೇಳಿದ್ದು ಕಣ್ಣಿಗೆ ಕಾಣಬೇಕು ಅಂದರೆ ಹಾವೇರಿ ಕಡೆಯ ಗುಳಿ ರಾಗಿ ನೋಡಬೇಕು. ಹೊಲದಲ್ಲಿ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆಯುತ್ತಾರೆ, ಸುಮಾರು ಒಂದೂವರೆ ಅಡಿಗೊಂದು. ಗೆರೆ ಕೂಡುವ ಕಡೆ ಗುಳಿ, ಗುಳಿಗೆ ಒಂದು ಹಿಡಿ ಗೊಬ್ಬರ, ಎರಡು ಸಸಿ. ಸಸಿ ಬೇರು ಹಿಡಿದು ಚೆನ್ನಾಗಿ ಎದ್ದು ನಿಂತ ಮೇಲೆ ಶುರುವಾಗುತ್ತೆ ತಮಾಷೆ. ಕೊರಡು ಅಂತ ಒಂದು ಮರದ ಸಾಧನ, ಅದನ್ನು ಪೈರಿನ ಮೇಲೇ ಎಳೆದುಕೊಂಡು ಹೋಗುತ್ತಾರೆ! ಸಾಲು ಸಾಲು ಪೈರು ನೆಲಕ್ಕೆ ಮಲಗುತ್ತೆ, ಸುಳಿಗೆ ಪೆಟ್ಟಾಗುತ್ತೆ. ಮೊದಲ ಸಲ ನೋಡಿದವರಿಗೆ ಇವರಿಗೇನು ತಲೆ ಕೆಟ್ಟಿದೆಯಾ ಅನ್ನಿಸಬೇಕು. ಆದರೆ ಸುಳಿ ಬಾಗಿದ ರಾಗಿ ಬುಡದಿಂದ ಹೊಸ ತೆಂಡೆ, ಅಂದರೆ ಪಕ್ಕದ ಕವಲು, ಒಡೆಯುತ್ತೆ, ಬೇರೂ ಜಾಸ್ತಿ ಬಿಡುತ್ತೆ. ಒಂದು ಕಡ್ಡಿ ಇದ್ದದ್ದು ಪೊದೆಯಾಗುತ್ತೆ. ಮೊದಲಿನ ಹಾಗೆ ಅದು ಆಗೋದೇ ಇಲ್ಲ, ಬೇರೆಯೇ ಗಿಡವಾಗಿ ಏಳುತ್ತೆ. ಸಾಲಿನ ನಡುವೆ ಕಳೆ ತೆಗೆಯೋ ಎಡೆಕುಂಟೆ ಹೊಡೆದಾಗ ಮಣ್ಣು ಸಡಿಲವಾಗಿ, ಕಳೆಯೂ ಹೋಗಿ, ಒಂದಿಷ್ಟು ಬೇರು ಕತ್ತರಿಸಿ ಮತ್ತೆ ಹೊಸ ಬೇರು ಬರುತ್ತೆ.

ಇದನ್ನು ಕೇಳಿದ ಮ್ಯಾನೇಜರ್ ಯಾರಾದರೂ ‘ನೋಡಿದ್ರಾ, ತುಳಿದಷ್ಟೂ ಬೆಳೀತಾರೆ’ ಅಂತ ಸ್ಲೈಡು ಮಾಡಿಬಿಡಬಹುದು, ಅದೇ ನನ್ನ ಭಯ. ಅವರಿಗೆ ಕೊರಡು ಮಾತ್ರ ಕಾಣುತ್ತೆ. ಒಂದೂವರೆ ಅಡಿ ಜಾಗ ಕಾಣಲ್ಲ, ಗುಳಿಗೆ ಹಾಕಿದ ಗೊಬ್ಬರ ಕಾಣಲ್ಲ. ಒತ್ತೊತ್ತಾಗಿ ಚೆಲ್ಲಿದ ರಾಗಿಯ ಮೇಲೆ ಅದೇ ಕೊರಡು ಎಳೆದರೆ ತೆಂಡೆ ಒಡೆದು ಹರಡೋಕೆ ಜಾಗ ಎಲ್ಲಿದೆ? ಕಾಲವೂ ನೋಡಬೇಕು. ಎಳೆ ಪೈರಿದ್ದಾಗ, ಹೆಚ್ಚೆಂದರೆ ನಲವತ್ತೈದು ದಿನದ ತನಕ ಅಷ್ಟೇ. ತೆನೆ ಬಂದ ರಾಗಿಯ ಮೇಲೆ ಯಾವ ರೈತನೂ ಕೊರಡು ಎಳೆಯಲ್ಲ.

ಇನ್ನು ರಾಗಿ ಬರ ತಡೆಯುತ್ತೆ ಅನ್ನೋ ಮಾತು. ತಡೆಯುತ್ತೆ, ನಿಜ, ಭತ್ತಕ್ಕಿಂತ ಎಷ್ಟೋ ಜಾಸ್ತಿ. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ. ಸಿರಿಧಾನ್ಯದ ಗಟ್ಟಿತನದ ಬಗ್ಗೆ ಭಾಷಣವೋ ಭಾಷಣ. ಅದೇ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಎಷ್ಟೋ ಹೊಲಗಳಲ್ಲಿ ರಾಗಿಯೂ ಒಣಗಿತು. ಬೆಳೆ ಎಷ್ಟೇ ಗಟ್ಟಿಯಾದರೂ ಅದರ ಮೇಲೇ ಎಲ್ಲ ಭಾರ ಹಾಕಿದರೆ ಆಗಲ್ಲ.

ಹಳೇ ಮೈಸೂರು ಕಡೆಯ ರೈತರಿಗೆ ಇದು ಗೊತ್ತಿತ್ತು, ಅದಕ್ಕೇ ಅಕ್ಕಡಿ ಸಾಲು. ರಾಗಿ ಹೊಲದಲ್ಲಿ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು. ರಾಗಿಗೆ ಮಳೆ ಕೈಕೊಟ್ಟರೂ ಹಿಂಗಾರು ಮಳೆಯಲ್ಲಿ ಅವರೆಯಾದರೂ ಕೈಗೆ ಹತ್ತಬಹುದು. ರಾಗಿ ಕೊಯ್ಲು ಮುಗಿದ ಮೇಲೂ ಚಳಿಯಲ್ಲಿ ಸೊಗಡಿನ ಅವರೆಕಾಯಿ ಬಿಡಿಸೋದು ಇದ್ದೇ ಇರುತ್ತೆ.

ಈಗ ಕೂಲಿ ಆಳು ಸಿಗಲ್ಲ, ಕೊಯ್ಲಿಗೆ ಯಂತ್ರ ಬಂದಿದೆ. ನಡುವೆ ಅವರೆ ಸಾಲು ಇದ್ದರೆ ಯಂತ್ರ ಓಡಿಸೋಕೆ ಕಷ್ಟ, ಹಾಗಾಗಿ ಎಷ್ಟೋ ಜನ ಬರೀ ರಾಗಿ ಹಾಕುತ್ತಾರೆ. ತಪ್ಪು ಅನ್ನೋಕೆ ನಾನ್ಯಾರು, ಕೊಯ್ಲಿನ ಖರ್ಚು ನೋಡಿದರೆ ಅವರ ಲೆಕ್ಕ ಸರಿಯಾಗೇ ಇದೆ.